ವಾರಂಗಲ್ಲಿನ ಮಣ್ಣಿನ ಕೋಟೆಯನ್ನು ಎಲ್ಲಿಂದ, ಹೇಗೆ ನೋಡಬೇಕು?

ಪ್ರಶ್ನೆ: ಕೃಷ್ಣೆಯ ದಂಡೆ

ನಾನು ರಾಯಚೂರಿನವನು. ನಮ್ಮೂರ ಕೋಟೆಯ ಒಳಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನವಿರುವುದು ಈ ಬಳಗದ ಅನೇಕರಿಗೆ ಗೊತ್ತಿರಬಹುದು. ಕಾಕತೀಯರ ಅಧಿಕಾರಿ ಗೋರೆ ಗನ್ನಯ ರೆಡ್ಡಿಯ ಕೈಕೆಳಗಿನ ವಿಠ್ಠಲನೆಂಬ ದಂಡನಾಯಕನು ಈ ಕೋಟೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಅಂಥ ಕಲ್ಲನ್ನು ಕೋಣಗಳ ಸಾಲು ಬಂಡಿಯಲ್ಲಿ ಎಳೆದು ತರುತ್ತಿರುವ ಗೀರುಚಿತ್ರವೂ ಗೋಡೆಯಲ್ಲಿದೆ. ಚಿಕ್ಕಂದಿನಿಂದ ಈ ಗೋಡೆಯನ್ನು ನೋಡುತ್ತ ಬೆಳೆದ ನನಗೆ ಕಾಕತೀಯರೆಂದರೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸುವವರು ಎಂಬ ಭಾವನೆ ಗಟ್ಟಿಯಾಗಿ ಕುಳಿತಿದೆ.

ಹೀಗಿರುವಾಗ ತೆಲುಗು ನಾಡನ್ನಾಳಿದ ಆ ಅರಸುಮನೆತನದ ರಾಜಧಾನಿಯಾದ ವಾರಂಗಲ್ಲಿನ ಉಪಗ್ರಹ ನಕ್ಷೆಯನ್ನು ನೋಡಿ ಆಶ್ಚರ್ಯವಾಯಿತು. ಕಲ್ಲಿನ ಕೋಟೆಯ ದುಂಡನೆಯ ಬಳೆಯ ಹೊರಗೆ, ಅದರ ಎರಡರಷ್ಟು ಅಗಲದ ಇನ್ನೊಂದು ಬಳೆ ಹಸಿರು ಗೆರೆಯಾಗಿ ಕಾಣುತ್ತದೆ. ಅದು ಮಣ್ಣಿನ ಕೋಟೆಯಂತೆ. ಹಿಂದೊಮ್ಮೆ ಪ್ರವಾಸಿ ಬಸ್ಸಿನಲ್ಲಿ ಹೋಗಿದ್ದಾಗ ಕೋಟೆಯ ನಡುವಿನ ತೋರಣಗಳೆಂಬ ಕೆತ್ತನೆಯ ಕಲ್ಲಿನ ಹೆಬ್ಬಾಗಿಲುಗಳನ್ನೂ ಖುಷ್ ಮಹಲೆಂಬ ಹಳೆಯ ಸಭಾಭವನವನ್ನೂ ತೋರಿಸಿ ಕರೆತಂದರೇ ಹೊರತು ಈ ಮಣ್ಣಿನ ಗೋಡೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಬಹುಶಃ ನಮ್ಮ ಬಸ್ಸು ಅದರ ನಡುವೆಯೇ ಹಾದುಹೋಗಿತ್ತು. ಬರುವ ಜನವರಿಯಲ್ಲಿ ಹೈದರಾಬಾದಿಗೆ ಹೋಗುವುದಿದೆ, ಒಂದು ಪೂರ್ತಿ ದಿನವನ್ನು ವಾರಂಗಲ್ಲಿಗೆ ಮೀಸಲಿಡಬಲ್ಲೆ. ಆ ಏರಿಯ ಮೇಲೆ ನಡೆಯಲು ಸಾಧ್ಯವೇ? ಮಳೆಗೆ ಕೊರೆದುಹೋದ ಭಾಗವನ್ನೂ ಕಟ್ಟಿದವರ ಕಾಲದ ಆಕಾರವನ್ನೂ ನಮ್ಮಂಥ ಸಾಮಾನ್ಯರು ಬೇರ್ಪಡಿಸಿ ನೋಡುವುದು ಹೇಗೆ? ಎಲ್ಲಕ್ಕಿಂತ ಮೊದಲಾಗಿ, ಇಷ್ಟು ದೊಡ್ಡ ಕಲ್ಲುಗಳನ್ನು ಎಳೆಯಬಲ್ಲವರು ತಮ್ಮ ಹೊರಗೋಡೆಯನ್ನು ಮಣ್ಣಿನಲ್ಲಿ ಏಕೆ ಕಟ್ಟಿದರು?

ಉತ್ತರ: ಕೆರೆ ಏರಿ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದವು ಸ್ಥಳದಲ್ಲಿಯೇ ತಾವಾಗಿ ಬಿಡಿಸಿಕೊಳ್ಳುತ್ತವೆ. ಕಾಕತೀಯರನ್ನು ಕಲ್ಲಿನವರು ಎಂದಷ್ಟೇ ಎಣಿಸುವುದು ಅರ್ಧ ಮಾತು. ಪಾಖಾಲ, ರಾಮಪ್ಪ, ಲಕ್ನವರಂ ಕೆರೆಗಳು ಅವರ ಕಾಲದವು, ಇಂದಿಗೂ ನೀರು ಹಿಡಿದು ಗದ್ದೆಗೆ ಬಿಡುತ್ತಿರುವವು. ಈ ಕೆರೆಗಳನ್ನು ನಿಲ್ಲಿಸಿರುವುದು ಮಣ್ಣಿನ ಏರಿ. ಗಣಪತಿದೇವನ ಆಳ್ವಿಕೆಯಲ್ಲಿ (1199ರಿಂದ 1262) ಇಂಥ ಏರಿಗಳನ್ನು ಹಾಕುವ ಕೆಲಸ ನಾಡಿನುದ್ದಕ್ಕೂ ನಡೆಯಿತು. ರಾಮಪ್ಪ ದೇವಾಲಯ 1213ರದು, ಅದರ ಪಕ್ಕದ ಕೆರೆಯೂ ಅದೇ ಕಾಲದ್ದು. ಯಾವ ಮಣ್ಣು ನೀರನ್ನು ತಡೆಯುತ್ತದೆ, ಯಾವುದು ಒಣಗಿದಾಗ ಬಿರಿಯುತ್ತದೆ, ಎಷ್ಟು ಇಳಿಜಾರಿನಲ್ಲಿ ಹಾಕಿದರೆ ಕುಸಿಯದೆ ನಿಲ್ಲುತ್ತದೆ ಎಂಬುದು ಅಲ್ಲಿನ ಒಡ್ಡರಿಗೂ ರೈತರಿಗೂ ಕೈಗೆ ಹತ್ತಿದ ವಿದ್ಯೆಯಾಗಿತ್ತು. ವಾರಂಗಲ್ಲಿನ ಹೊರಕೋಟೆ ಅದೇ ವಿದ್ಯೆಯನ್ನು ಯುದ್ಧಕ್ಕೆ ಹಚ್ಚಿದ್ದರ ಫಲವೆಂದು ನನ್ನ ತಿಳುವಳಿಕೆ. ಕೆರೆಗಳ ದುರಸ್ತಿಯ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ ನನಗೆ ಹಾಗೆ ತೋರುತ್ತದೆ ಎಂದು ನೀವು ಬೇಕಾದರೆ ಹೇಳಬಹುದು.

ಅಳತೆಯನ್ನು ನೋಡಿ. ಮಣ್ಣಿನ ಬಳೆಯ ವ್ಯಾಸ ಸುಮಾರು 2.4 ಕಿಲೋಮೀಟರ್, ಅಂದರೆ ಸುತ್ತಳತೆ ಏಳೂವರೆ ಕಿಲೋಮೀಟರಿನಷ್ಟಾಗುತ್ತದೆ. ಅದರ ಹೊರಗೆ ಸುಮಾರು 150 ಅಡಿ ಅಗಲದ ಅಗಳು, ಅಂದರೆ ಕಂದಕ ಇತ್ತು. ಅಗಳನ್ನು ತೋಡಿದ ಮಣ್ಣೇ ಗೋಡೆಗೆ ಬಂತು. ತೋಡಿದಷ್ಟೂ ಶತ್ರುವಿಗೆ ಕೆಳಗೆ ಆಳ, ತನಗೆ ಮೇಲೆ ಎತ್ತರ. ಒಂದೇ ಗುದ್ದಲಿಯ ಏಟಿಗೆ ಎರಡು ಲಾಭ. ಇಷ್ಟು ಉದ್ದವನ್ನು ಕಣಶಿಲೆಯಲ್ಲಿ ಕಟ್ಟುವುದೆಂದರೆ ಕಲ್ಲುಕುಟಿಗರನ್ನು ತಲೆಮಾರುಗಟ್ಟಲೆ ಕೂರಿಸಬೇಕಾಗುತ್ತದೆ. ಮಣ್ಣಿನ ಕೆಲಸಕ್ಕಾದರೋ ಸುಗ್ಗಿ ಮುಗಿದ ಮೇಲೆ ಊರೂರಿನಿಂದ ಬುಟ್ಟಿ ಹೊತ್ತು ಬರುವ ಜನ ಸಾಕು. ಇದರ ಜೊತೆಗೆ, ಕವಣೆಯಂತ್ರದಿಂದ ಬಂದ ಕಲ್ಲುಗುಂಡು ಕಲ್ಲಿನ ಗೋಡೆಗೆ ಬಡಿದರೆ ಕಲ್ಲನ್ನು ಸೀಳಬಹುದು, ಸಂದಿಯನ್ನು ಸಡಿಲಿಸಬಹುದು. ದಪ್ಪವಾದ ಮಣ್ಣಿನ ಏರಿಗೆ ಬಡಿದರೆ ಏಟು ಅಲ್ಲೇ ಇಂಗಿಹೋಗುತ್ತದೆ.

ಇನ್ನೊಂದು ಮಾತನ್ನು ರಾಯಚೂರಿನವರಾದ ನಿಮಗೆ ವಿಶೇಷವಾಗಿ ಹೇಳಬೇಕು. ವಾರಂಗಲ್ಲಿನ ಒಳಗಿನ ಕಲ್ಲಿನ ಕೋಟೆಯೂ ಬರಿಯ ಕಲ್ಲಲ್ಲ. ಅದರ ಹೊರಮೈಯಲ್ಲಿ ಗಾರೆಯಿಲ್ಲದೆ ಜೋಡಿಸಿದ ದೊಡ್ಡ ಕಲ್ಲುಗಳಿವೆ, ಚಾಚಿಕೊಂಡ ಚೌಕನೆಯ 45 ಕೊತ್ತಲಗಳಿವೆ. ಆದರೆ ಒಳಮೈಗೆ ಬಂದರೆ ಗೋಡೆಗೆ ಒತ್ತಿಕೊಂಡಂತೆ ಮಣ್ಣಿನ ದಿಬ್ಬವಿದ್ದು, ಅದರ ಮೇಲೆ ಕಲ್ಲಿನ ಮೆಟ್ಟಿಲುಗಳನ್ನು ಹಾಸಿದ್ದಾರೆ. ಮೆಟ್ಟಿಲು ಎಲ್ಲೋ ಒಂದು ಕಡೆ ಇರುವುದಲ್ಲ, ಗೋಡೆಯ ಉದ್ದಕ್ಕೂ ಸಾಗುತ್ತದೆ. ಎಲ್ಲಿ ಕೂಗು ಬಂದರೂ ಅಲ್ಲಿನ ಕಾವಲಿನವರು ಒಮ್ಮೆಲೇ ಸಾಲಾಗಿ ಮೇಲೇರಬಹುದಾಗಿತ್ತು. ಹಿಂದಿನಿಂದ ನಿಂತು ನೋಡಿದಾಗ ಕಲ್ಲಿನ ಗೋಡೆಯೆಂಬುದು ಏರಿಗೆ ಹೊದಿಸಿದ ಕಲ್ಲಿನ ಕವಚದಂತೆ ನನಗೆ ಕಾಣುತ್ತದೆ.

ಈಗ ಸ್ಥಳದಲ್ಲಿ ನೋಡುವ ಕ್ರಮ. ದಯವಿಟ್ಟು ತೋರಣಗಳಿಂದ ಆರಂಭಿಸಬೇಡಿ. ನಗರದಿಂದ ಬರುವ ರಸ್ತೆ ಮಣ್ಣಿನ ಏರಿಯನ್ನು ದಾಟುವ ಕಡೆ ಆಟೋದಿಂದ ಇಳಿದುಬಿಡಿ. ಮೊದಲ ನೋಟಕ್ಕೆ ಅದು ಪೊದೆ ಬೆಳೆದ ಸಣ್ಣ ಗುಡ್ಡದಂತೆ ಕಾಣುವುದರಿಂದ ನೀವು ನಿರಾಶರಾಗುವ ಸಾಧ್ಯತೆ ಇದೆ. ಗುಡ್ಡವಲ್ಲವೆಂದು ತಿಳಿಯುವುದು ಎರಡೂ ಬದಿಗೆ ಕಣ್ಣು ಹಾಯಿಸಿದಾಗ: ಒಂದೇ ಎತ್ತರದಲ್ಲಿ, ಒಂದೇ ಬಾಗಿನಲ್ಲಿ ಅದು ಬಳುಕುತ್ತ ಹೋಗುತ್ತದೆ, ಸಹಜವಾದ ದಿಬ್ಬ ಹಾಗೆ ಹೋಗುವುದಿಲ್ಲ. ಬಳಿಕ ಹೊರಮೈಯ ಇಳಿಜಾರನ್ನೂ ಒಳಮೈಯ ಇಳಿಜಾರನ್ನೂ ಹೋಲಿಸಿ. ಇಂಥ ಕೋಟೆಗಳಲ್ಲಿ ಹೊರಗಿನದು ಕಡಿದು, ಒಳಗಿನದು ಸೈನಿಕರು ಓಡಿ ಹತ್ತುವಷ್ಟು ಸಲೀಸು. ಹೊರಗಿನ ಬುಡದಲ್ಲಿ ತಗ್ಗಾದ, ತೇವವಿರುವ, ಸುತ್ತಲಿನ ನೆಲಕ್ಕಿಂತ ಹಸಿರಾದ ಪಟ್ಟಿ ಸಿಕ್ಕರೆ ಅದು ಹೂಳು ತುಂಬಿದ ಅಗಳು ಎಂದು ಧಾರಾಳವಾಗಿ ತಿಳಿಯಬಹುದು.

ಕೊರಕಲನ್ನು ಗುರುತಿಸುವುದು ಕಷ್ಟವಲ್ಲ. ಮಳೆ ಕೊರೆದ ಕಂಡಿ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ತನ್ನ ಬಾಯಿಯಲ್ಲಿ ಬೀಸಣಿಗೆಯಾಕಾರದಲ್ಲಿ ಮಣ್ಣನ್ನು ಉಗುಳಿಕೊಂಡು ಬಿದ್ದಿರುತ್ತದೆ. ಅದರ ದಂಡೆಗಳಲ್ಲಿ ಜಿಗುಟು ಮಣ್ಣು ತೊಳೆದುಹೋಗಿ ಹರಳುಗಳು ಮಾತ್ರ ಮೈದೋರಿರುತ್ತವೆ. ಜನ ಮಣ್ಣು ಅಗೆದೊಯ್ದ ಕಡೆ ಕಂಡಿಯ ತಳ ಮಟ್ಟಸವಾಗಿದ್ದು, ಒಂದು ಬದಿ ಗೋಡೆಯಂತೆ ನೆಟ್ಟಗಿರುತ್ತದೆ. ಹಳೆಯ ದ್ವಾರವಿದ್ದ ಕಡೆಯಾದರೆ ಏರಿ ಎರಡೂ ಪಕ್ಕದಲ್ಲಿ ಉಬ್ಬಿ ದಪ್ಪವಾಗಿರುವುದನ್ನೂ, ಅಲ್ಲಿಂದ ಹೊರಟ ದಾರಿ ಕಲ್ಲಿನ ಕೋಟೆಯ ಬಾಗಿಲಿನತ್ತ ಸಾಗುವುದನ್ನೂ ಹುಡುಕಬೇಕು.

ಏರಿಯ ಮೇಲೆ ಸ್ವಲ್ಪ ದೂರ ನಡೆದ ನಂತರವೇ ಒಳಗೆ ಹೋಗಿ. ಕಲ್ಲಿನ ಕೋಟೆಯ ನಾಲ್ಕು ದಿಕ್ಕಿನ ಬಾಗಿಲುಗಳೂ ನೇರವಾಗಿಲ್ಲ. ಹೊರಗೆ ಗೋಡೆ ಸುತ್ತಿದ ಅಂಗಳವೊಂದನ್ನು ಹೊಕ್ಕು, ಲಂಬಕೋನದಲ್ಲಿ ತಿರುಗಿ ಒಳಬರಬೇಕು. ಓಡಿಬಂದ ಆನೆ ಅಲ್ಲಿ ವೇಗ ಕಳೆದುಕೊಳ್ಳಲೇಬೇಕು. ತೋರಣಗಳನ್ನು ಕೊನೆಗೆ ಇಟ್ಟುಕೊಳ್ಳಿ.

ಉತ್ತರ: ಶಾಸನಾಸಕ್ತ

ಮೇಲಿನ ಉತ್ತರಕ್ಕೆ ಇತಿಹಾಸದ ಕಡೆಯಿಂದ ಒಂದಿಷ್ಟು ಸೇರಿಸಬಯಸುತ್ತೇನೆ. ಒಳಗೋಡೆಯನ್ನು ಗಣಪತಿದೇವ ಆರಂಭಿಸಿದನೆಂದೂ, ಅವನ ಮಗಳು ರುದ್ರಮದೇವಿ ಅದನ್ನು ಎತ್ತರಿಸಿ ಹೊರಗಿನ ಮಣ್ಣಿನ ಕೋಟೆಯನ್ನು ಹಾಕಿಸಿದಳೆಂದೂ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಅದರ ಪರೀಕ್ಷೆ ನಡೆದದ್ದು ಅವಳ ಮೊಮ್ಮಗ ಪ್ರತಾಪರುದ್ರನ ಕಾಲದಲ್ಲಿ. 1310ರ ಆರಂಭದಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ಮುತ್ತಿಗೆ ಹಾಕಿದಾಗ ಮೊದಲು ಎದುರಾದದ್ದು ಈ ಮಣ್ಣಿನ ಗೋಡೆಯೇ. ದೆಹಲಿಯ ಆಸ್ಥಾನಕವಿ ಅಮೀರ್ ಖುಸ್ರೋ ಆ ದಂಡಯಾತ್ರೆಯನ್ನು ಪಾರಸಿಯಲ್ಲಿ ಬಣ್ಣಿಸುತ್ತ, ಉಕ್ಕಿನ ಭರ್ಜಿಯೂ ನಾಟದಷ್ಟು ಗಟ್ಟಿಯಾಗಿತ್ತು ಆ ಮಣ್ಣು, ಯಂತ್ರದ ಗುಂಡು ಅದಕ್ಕೆ ಬಡಿದರೆ ಮಕ್ಕಳಾಡುವ ಕಾಯಿಯಂತೆ ಪುಟಿದು ಹಿಂದಕ್ಕೆ ಬರುತ್ತಿತ್ತು ಎಂಬರ್ಥದಲ್ಲಿ ಬರೆಯುತ್ತಾನೆ. ಅವನು ದಂಡಿನೊಂದಿಗೆ ಬಂದವನಲ್ಲ, ಕೇಳಿದ್ದನ್ನು ಅಲಂಕಾರ ಸೇರಿಸಿ ಹೇಳಿದವನು; ಗೆದ್ದವರ ಕಡೆಯವನು ಗೋಡೆಯನ್ನು ಹೊಗಳಿದರೆ ಗೆಲುವೇ ದೊಡ್ಡದಾಗುತ್ತದೆ ಎಂಬುದನ್ನೂ ಮರೆಯಬಾರದು. ಆದರೂ ಕಲ್ಲಿನ ಕೋಟೆಯನ್ನು ಕಂಡ ಸೈನ್ಯದವರ ಬಾಯಲ್ಲಿ ಮಣ್ಣಿನ ಗಟ್ಟಿತನದ ಮಾತು ಉಳಿದದ್ದು ಗಮನಾರ್ಹ. ಹಾಗೆಂದು ಆ ಗೋಡೆ ನಿಲ್ಲಲಿಲ್ಲ. ಅಗಳನ್ನು ತುಂಬಿಸಿ, ಏಣಿ ಹಾಕಿ ಹತ್ತಿದ ದೆಹಲಿಯ ಸೈನ್ಯ ಹೊರಕೋಟೆಯನ್ನು ಹಿಡಿಯಿತು, ಪ್ರತಾಪರುದ್ರ ಒಡಂಬಡಿಕೆಗೆ ಒಪ್ಪಿ ಆನೆಗಳನ್ನೂ ಭಂಡಾರವನ್ನೂ ಒಪ್ಪಿಸಬೇಕಾಯಿತು. ಮಣ್ಣನ್ನು ನೆಚ್ಚಿಕೊಂಡದ್ದು ಅಗ್ಗದ ದಾರಿಯಾಗಿತ್ತು ಎಂಬ ಟೀಕೆಗೆ ಇಲ್ಲಿ ಅವಕಾಶವಿದೆ ಎಂದೇ ನಾನು ತಿಳಿಯುತ್ತೇನೆ.

ಕನ್ನಡಿಗರು ಅಲ್ಲಿಯವರೆಗೆ ಹೋಗಿ ನೋಡದೆ ಬರಬಾರದ ಇನ್ನೊಂದು ಜಾಗ ವಾರಂಗಲ್ಲಿನ ಪಕ್ಕದ ಊರಾದ ಹನುಮಕೊಂಡದ ಪದ್ಮಾಕ್ಷಿ ಗುಟ್ಟವೆಂಬ ಗುಡ್ಡ. ಕಾಕತೀಯರು ಮೊದಲಿಗೆ ಕಲ್ಯಾಣ ಚಾಲುಕ್ಯರ ಸಾಮಂತರು, ಹನುಮಕೊಂಡವೇ ಅವರ ಹಳೆಯ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಚಾಲುಕ್ಯ ವಿಕ್ರಮ ಶಕೆಯ 42ನೆಯ ವರ್ಷದ, ಅಂದರೆ 1117ರ ಶಾಸನವೊಂದು ಆ ಗುಡ್ಡದ ಮೇಲಿದೆ; ಎರಡನೆಯ ಪ್ರೋಲನ ಮಂತ್ರಿ ಬೇತನ ಪೆರ್ಗಡೆಯ ಹೆಂಡತಿ ಮೈಲಮ ಕಡಲಾಲಯ ಬಸದಿಯನ್ನು ಮಾಡಿಸಿದ ಸಂಗತಿ ಅದರಲ್ಲಿದ್ದು, ಭಾಷೆ ಕನ್ನಡ. ಬಂಡೆಯ ಮೇಲೆ ಜಿನಬಿಂಬಗಳಿವೆ. ಮುಂದೆ ತೆಲುಗಿನಲ್ಲಿ ಶಾಸನ ಹಾಕಿಸಿ, ನಿಮ್ಮ ರಾಯಚೂರಿನವರೆಗೆ ಅದನ್ನು ತಂದವರ ಮನೆತನವು ಹಿಂದೆ ಕನ್ನಡದಲ್ಲಿ ವ್ಯವಹರಿಸುತ್ತಿತ್ತು. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು.

ಉತ್ತರ: ಕಾಜೀಪೇಟೆ ಕನ್ನಡಿಗ

ಉದ್ಯೋಗದ ನಿಮಿತ್ತ ಇಲ್ಲಿ ನೆಲೆಸಿರುವುದರಿಂದ ವ್ಯವಹಾರದ ಮಾತುಗಳನ್ನು ಮಾತ್ರ ಹೇಳುತ್ತೇನೆ. ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್; ಬೆಳಗಿನ ರೈಲು ಹಿಡಿದು ವಾರಂಗಲ್ ನಿಲ್ದಾಣದಲ್ಲಿ ಇಳಿದರೆ ಕೋಟೆ ಹತ್ತಿರ, ಕಾಜೀಪೇಟೆಯಲ್ಲಿ ಇಳಿದರೆ ಹನುಮಕೊಂಡ ಹತ್ತಿರ. ಆಟೋದವರಿಗೆ ಬರಿದೇ ಕೋಟೆ ಎಂದರೆ ನೇರವಾಗಿ ತೋರಣಗಳ ಬಳಿ ತಂದು ಬಿಡುತ್ತಾರೆ, ಆದ್ದರಿಂದ ಮಟ್ಟಿಕೋಟ ಎಂದು ತೆಲುಗಿನಲ್ಲಿಯೇ ಹೇಳಿ, ಎಲ್ಲಿ ನಿಲ್ಲಿಸಬೇಕೆಂದು ನಕ್ಷೆ ತೋರಿಸಿ. ತೋರಣಗಳಿರುವ ಆವರಣಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ ಇದೆ.

ಏರಿಯ ಮೇಲೆ ಸಿದ್ಧಪಡಿಸಿದ ಕಾಲುದಾರಿ ಎಂಬುದೇನೂ ಇಲ್ಲ. ಕೆಲವೆಡೆ ದನ ಮೇಯಿಸುವವರ ಜಾಡು ಸಿಗುತ್ತದೆ, ಕೆಲವೆಡೆ ಮುಳ್ಳುಕಂಟಿ ತಡೆಯುತ್ತದೆ, ಕೆಲವೆಡೆ ಮನೆಗಳು ಏರಿಗೆ ಬೆನ್ನು ಒರಗಿಸಿಕೊಂಡಿವೆ. ಅಂಥ ಕಡೆ ಕೇಳಿ ಹೋಗುವುದು ಸೌಜನ್ಯ. ಕೋಟೆಯೊಳಗೆ ಊರೇ ಇದೆ, ಹೊಲಗದ್ದೆಗಳಿವೆ ಎಂಬುದು ನೆನಪಿರಲಿ. ಜನವರಿ ಒಳ್ಳೆಯ ಕಾಲ: ಹುಲ್ಲು ಒಣಗಿ ಬಾಗಿರುವುದರಿಂದ ಇಳಿಜಾರಿನ ಆಕಾರ ತಿಳಿಯುತ್ತದೆ, ಬಿಸಿಲೂ ತಾಳಬಹುದು. ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತದೆಂದು ಬರುವವರು ಹಸಿರನ್ನಷ್ಟೇ ನೋಡಿ ಹೋಗುತ್ತಾರೆ. ಪೂರ್ತಿ ಕಾಲು ಮುಚ್ಚುವ ಪಾದರಕ್ಷೆ ಇರಲಿ, ಹುತ್ತಗಳ ಬಳಿ ಕೈ ಹಾಕಬೇಡಿ.

ಕೃಷ್ಣೆಯ ದಂಡೆ

ಮೂವರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಹೊರಕೋಟೆ ಬಿದ್ದ ಮೇಲೆ ಪ್ರತಾಪರುದ್ರ ಒಪ್ಪಂದಕ್ಕೆ ಬಂದನೆಂದರೆ ಶಾಸನಾಸಕ್ತರು ಹೇಳುವಂತೆ ಮಣ್ಣಿನ ಗೋಡೆ ಕೈಕೊಟ್ಟಿತೆಂದೇ ಅಲ್ಲವೇ? ಮೂರನೆಯದೊಂದು ಗೋಡೆಯೂ ಇತ್ತೆಂದು ಎಲ್ಲೋ ಓದಿದ್ದೇನೆ, ಅದು ಉಳಿದಿದೆಯೇ? ನಮ್ಮ ಜೊತೆ ವಯಸ್ಸಾದ ತಂದೆಯವರೂ ಬರುವುದರಿಂದ ಮುಳ್ಳುಕಂಟಿಯಲ್ಲಿ ಬಹಳ ದೂರ ನಡೆಯುವಂತಿಲ್ಲ.

ಕೆರೆ ಏರಿ

ಶಾಸನಾಸಕ್ತರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಹೊರಬಳೆಯ ವ್ಯಾಸ 2.4 ಕಿಲೋಮೀಟರ್, ಒಳಬಳೆಯದು ಸುಮಾರು 1.2 ಕಿಲೋಮೀಟರ್, ಹಾಗಾದರೆ ಯಾವ ದಿಕ್ಕಿನಿಂದ ಬಂದರೂ ಎರಡರ ನಡುವೆ ಹೆಚ್ಚುಕಡಿಮೆ 600 ಮೀಟರ್ ಬಯಲು ಉಳಿಯುತ್ತದೆ. ಆ ಕಾಲದ ಕವಣೆಯಂತ್ರಗಳು ಭಾರವಾದ ಗುಂಡನ್ನು ಎಸೆಯುತ್ತಿದ್ದುದು ಇದರ ಅರ್ಧದಷ್ಟು ದೂರಕ್ಕೂ ಕಷ್ಟದಿಂದ. ಎಂದರೆ ಮಣ್ಣಿನ ಗೋಡೆ ನಿಂತಿರುವವರೆಗೆ ಶತ್ರುವಿನ ಯಂತ್ರಗಳಿಗೆ ಕಲ್ಲಿನ ಗೋಡೆಯೂ ಅರಮನೆಯೂ ದೇವಾಲಯವೂ ಎಟುಕುವಂತಿರಲಿಲ್ಲ. ನಡುವಿನ ಬಯಲಿನಲ್ಲಿ ದನಕರು, ಬೆಳೆ, ಓಡಿಬಂದ ಹಳ್ಳಿಗರು, ಎಲ್ಲಕ್ಕೂ ಜಾಗವಿತ್ತು. ಯಾರೂ ದಾಟಲಾರದ ಗೋಡೆಯೊಂದನ್ನು ಕಟ್ಟುವ ಹಟ ಇಲ್ಲಿ ಕಾಣುವುದಿಲ್ಲ; ಶತ್ರುವನ್ನು ದೂರ ಹಿಡಿದು, ಅವನ ಮೇವನ್ನೂ ದಿನಗಳನ್ನೂ ತಿನ್ನಿಸುವ ಲೆಕ್ಕಾಚಾರ ಕಾಣುತ್ತದೆ. 1310ರಲ್ಲಿ ಹೊರಕೋಟೆ ಹೋದ ಮೇಲೂ ಪ್ರತಾಪರುದ್ರನಿಗೆ ಮಾತುಕತೆಗೆ ಕೂರುವಷ್ಟು ಬಲ ಉಳಿದಿತ್ತು, ಕಪ್ಪ ಕೊಟ್ಟು ಸಿಂಹಾಸನ ಉಳಿಸಿಕೊಂಡ. ಮುಂದೆ ದೆಹಲಿಯ ತುಘಲಕರ ರಾಜಕುಮಾರ ಉಲುಗ್ ಖಾನ್ ಬಂದಾಗ ಮೊದಲ ಮುತ್ತಿಗೆ ಮುರಿದದ್ದು ದೆಹಲಿಯ ಸುಲ್ತಾನ ಸತ್ತನೆಂಬ ಗಾಳಿಸುದ್ದಿ ಪಾಳೆಯದಲ್ಲಿ ಹಬ್ಬಿದ್ದರಿಂದ. ಗಾಳಿಸುದ್ದಿ ಹುಟ್ಟಿ, ಬೆಳೆದು, ದಂಡನ್ನು ಒಡೆಯುವಷ್ಟು ಕಾಲ ಶತ್ರುವನ್ನು ಹೊರಗೆ ಕಾಯಿಸಿದ್ದು ಗೋಡೆಗಳೇ ಎಂದು ನಾನು ಹೇಳುತ್ತೇನೆ. 1323ರಲ್ಲಿ ಅವನೇ ಮತ್ತೆ ಬಂದಾಗ ನಗರ ಬಿತ್ತು, ಸುಲ್ತಾನಪುರವೆಂಬ ಹೆಸರನ್ನೂ ಪಡೆಯಿತು.

ಮಣ್ಣಿನ ನಿಜವಾದ ದೌರ್ಬಲ್ಯ ಬೇರೆ. ಅದಕ್ಕೆ ಪ್ರತಿವರ್ಷ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ಕೊರಕಲು ಮುಚ್ಚಬೇಕು, ಬೇರು ಬಿಟ್ಟ ಮರವನ್ನು ತೆಗೆಯಬೇಕು, ಅಗಳಿನ ಹೂಳೆತ್ತಬೇಕು. ಕೆರೆಯ ಏರಿಯಾದರೆ ಊರಿನವರು ತಮ್ಮ ಗದ್ದೆಗಾಗಿ ಈ ಕೆಲಸ ಮಾಡಿಕೊಳ್ಳುತ್ತಾರೆ. ಕೋಟೆಯ ಏರಿಗೆ ಅರಸು ಇಲ್ಲದಾದ ಮೇಲೆ ಯಾರೂ ದಿಕ್ಕಿಲ್ಲ. ಹಾಗಿದ್ದೂ ಏಳು ಶತಮಾನಗಳ ಮಳೆಯನ್ನು ತಾಳಿ ಬಳೆಯ ಆಕಾರ ಉಪಗ್ರಹ ನಕ್ಷೆಗೆ ಕಾಣುವಷ್ಟು ಉಳಿದಿದೆ.

ಮೂರನೆಯದು ಸುಮಾರು 12.5 ಕಿಲೋಮೀಟರ್ ವ್ಯಾಸದ, ಇದೂ ಮಣ್ಣಿನದೇ ಆದ, ಅತಿ ಹೊರಗಿನ ಬಳೆ. ಇಂದಿನ ನಗರ ಅದನ್ನು ನುಂಗಿಬಿಟ್ಟಿದೆ. ತುಣುಕುಗಳನ್ನು ಅರಸಿ ಹೋಗುವುದು ಒಂದು ದಿನದ ಪ್ರವಾಸಿಗೆ ಹೇಳಿದ್ದಲ್ಲ.

ಶಾಸನಾಸಕ್ತ

600 ಮೀಟರಿನ ವಾದಕ್ಕೆ ತೂಕವಿದೆ, ಒಪ್ಪುತ್ತೇನೆ. ಆದರೆ ಆ ಬಯಲು ಎರಡೂ ಕಡೆಗೆ ಕೆಲಸ ಮಾಡುತ್ತದೆ: ಹೊರಕೋಟೆ ಕೈಸೇರಿದ ಮೇಲೆ ಅದೇ ಬಯಲು, ಅದೇ ಬೆಳೆ, ಅದೇ ಬಾವಿಗಳು ಶತ್ರುವಿನ ಪಾಳೆಯಕ್ಕೆ ಒದಗುತ್ತವೆ. ಏಳೂವರೆ ಕಿಲೋಮೀಟರಿನ ಉದ್ದಕ್ಕೂ ಕಾವಲು ನಿಲ್ಲಿಸುವಷ್ಟು ಜನ ಪ್ರತಾಪರುದ್ರನ ಬಳಿ ಆ ಹೊತ್ತಿಗೆ ಇದ್ದರೇ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಈ ಚರ್ಚೆಯನ್ನು ಏರಿಯ ಮೇಲೆ ನಿಂತೇ ಮಾಡುವುದು ಮೇಲು.

ಕಾಜೀಪೇಟೆ ಕನ್ನಡಿಗ

ತಂದೆಯವರ ಬಗ್ಗೆ ಒಂದು ಸಲಹೆ. ಅವರನ್ನು ಮಣ್ಣಿನ ಏರಿ ಹತ್ತಿಸುವುದು ಬೇಡ. ರಸ್ತೆ ಅದನ್ನು ಸೀಳಿರುವ ಕಡೆ ವಾಹನದ ಪಕ್ಕದಲ್ಲಿಯೇ ನಿಂತು ಅದರ ಎತ್ತರವನ್ನೂ ದಪ್ಪವನ್ನೂ ನೋಡಬಹುದು. ಬಳಿಕ ತೋರಣಗಳ ಆವರಣದಲ್ಲಿ ನೆರಳಿದೆ, ನೆಲ ಸಮವಾಗಿದೆ. ಹಾಳಾದ ಸ್ವಯಂಭೂ ದೇವಾಲಯದ ಕೆತ್ತನೆಯ ಕಲ್ಲುಗಳನ್ನು ಅಲ್ಲಿಯೇ ಸಾಲಾಗಿ ಇಟ್ಟಿದ್ದಾರೆ, ನೋಡುತ್ತ ಕೂರಬಹುದು. ಅಷ್ಟರಲ್ಲಿ ನೀವು ಕಲ್ಲಿನ ಗೋಡೆಯ ಒಳಮೆಟ್ಟಿಲು ಹತ್ತಿ ಬನ್ನಿ. ಪದ್ಮಾಕ್ಷಿ ಗುಟ್ಟಕ್ಕೂ ಮೆಟ್ಟಿಲು ಹತ್ತಬೇಕಾಗುತ್ತದೆ, ಆದ್ದರಿಂದ ಹನುಮಕೊಂಡದಲ್ಲಿ ಅವರಿಗೆ 1163ರ ಸಾವಿರ ಕಂಬದ ಗುಡಿಯನ್ನು ತೋರಿಸಿ, ಶಾಸನದ ಕಡೆಗೆ ನೀವೊಬ್ಬರೇ ಹೋಗಿಬರುವುದು ಅನುಕೂಲ. ಕೋಟೆಯನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ, ಓರೆಯಾದ ಬಿಸಿಲಿಗೆ ಇಳಿಜಾರಿನ ಏರಿಳಿತ ಚೆನ್ನಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲವೂ ಒಂದೇ ಮಟ್ಟವಾಗಿ ತೋರುತ್ತದೆ.